ಅಲ್ ಫಶೀರ್‌ನ ಫೋನು, ಜಾಲಹಳ್ಳಿಯ ನೋಟ್‌ಬುಕ್ಕು

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೈನ್ಯಕ್ಕೂ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಗೂ ಕದನ ಹತ್ತಿಕೊಂಡಿತು. ಎರಡು ದಿನ ಬಿಟ್ಟು ಊರಿಂದ ನನಗೆ ಫೋನ್ ಮೇಲೆ ಫೋನ್. ಚನ್ನಗಿರಿ ಕಡೆ ನಮ್ಮೂರ ಪಕ್ಕದಲ್ಲೇ ಹಕ್ಕಿಪಿಕ್ಕಿ ಬುಡಕಟ್ಟಿನವರ ಕ್ಯಾಂಪ್ ಇದೆ. ಅಲ್ಲಿಯವರು ತಲೆಗೂದಲ ಎಣ್ಣೆ, ಗಿಡಮೂಲಿಕೆ ಮಾರಲು ಆಫ್ರಿಕಾಕ್ಕೆ ಹೋಗಿಬರುವುದು ಹೊಸದೇನಲ್ಲ. ಆ ಸಲ ಕೆಲವರು ಡಾರ್ಫರ್‌ನ ಅಲ್ ಫಶೀರ್‌ನಲ್ಲಿ ಸಿಕ್ಕಿಕೊಂಡಿದ್ದರು. "ಬೆಂಗಳೂರಲ್ಲಿ ಇದ್ದೀಯಲ್ಲಪ್ಪ, ಯಾರನ್ನಾದ್ರೂ ಕೇಳು" ಅಂದರು. ನಾನು ಜಾಲಹಳ್ಳಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಯಾರನ್ನು ಕೇಳಲಿ?

ಮೊದಲ ದಿನ ಮಾಡಿದ್ದೆಲ್ಲ ತಪ್ಪೇ. ಊಟ ಆಯ್ತಾ, ನೀರಿದ್ಯಾ ಅಂತ ಇಲ್ಲಿಂದ ಎಲ್ಲರೂ ಫೋನ್ ಮಾಡಿ ಮಾಡಿ ಅವರ ಬ್ಯಾಟರಿ ಖಾಲಿ ಮಾಡಿಬಿಟ್ಟೆವು. ಅಲ್ಲಿ ಕರೆಂಟೇ ಇಲ್ಲ! ಆಮೇಲೆ ಒಂದು ಕಟ್ಟುಪಾಡು ಮಾಡಿದೆ. ಒಂದು ರೂಮಿಗೆ ಒಂದೇ ಫೋನ್ ಆನ್, ಉಳಿದವೆಲ್ಲ ಆಫ್. ದಿನಕ್ಕೆ ಎರಡೇ ಸಲ ಮಾತು. ನಮಗಿಂತ ಅವರು ಮೂರೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಏಳಾದರೆ ಇಲ್ಲಿ ಹತ್ತೂವರೆ. ಮಿಕ್ಕ ಹೊತ್ತಲ್ಲಿ ವಾಯ್ಸ್ ಮೆಸೇಜ್ ಹಾಕಿಟ್ಟರೆ ಸಾಕು, ನೆಟ್‌ವರ್ಕ್ ಬಂದಾಗ ಹೋಗುತ್ತೆ.

ನನ್ನ ನಿಜವಾದ ಕೆಲಸ ನಡೆದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ. ಪಾಸ್‌ಪೋರ್ಟಿನ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಯಾವ ರೂಮು, ನೀರು ಎಷ್ಟು ದಿನಕ್ಕೆ, ಕೊನೆಗೆ ಮಾತಾಡಿದ್ದು ಯಾವಾಗ. ಗೆರೆ ಎಳೆದು ಕಾಲಂ ಮಾಡಿದ್ದೆ. "ಯಾರು ಹೇಳಿದ್ದು" ಅನ್ನುವ ಕಾಲಂ ಮಾತ್ರ ಒಂದು ಎಡವಟ್ಟಾದ ಮೇಲೆ ಸೇರಿಸಿದ್ದು. ಕಾಫಿ, ಹೈಕೋರ್ಟು ಅಂತೆಲ್ಲ ಮಕ್ಕಳಿಗೆ ಹೆಸರಿಡುವ ಜನ ಅವರು. ಆದರೂ ನನ್ನ ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರು ಬಂದರು ನೋಡಿ. ಒಬ್ಬ ಬಸ್ ಹತ್ತಿದ್ದಾನೆ ಅಂತ ಸುದ್ದಿ ಬಂತು. ನಾನು ಇನ್ನೊಬ್ಬನ ತಾಯಿಗೆ, ವಯಸ್ಸಾದ ಅಜ್ಜಿಗೆ, ಹೇಳಿಬಿಟ್ಟೆ. ರಾತ್ರಿ ಮಗನೇ ಫೋನ್ ಮಾಡಿ, ಇನ್ನೂ ರೂಮಲ್ಲೇ ಇದ್ದೀನಿ ಅಂದನಂತೆ. ಅಜ್ಜಿ ನನ್ನನ್ನು ಬೈಯಲಿಲ್ಲ. "ಇನ್ಮೇಲೆ ಅವನ ದನಿ ಕೇಳಿಸ್ದೆ ಏನೂ ಹೇಳ್ಬೇಡ ಕಣಪ್ಪ" ಅಂದರು. ಅವತ್ತಿಂದ ಅವರವರ ದನಿಯ ಮೆಸೇಜ್ ಬಂದ ಮೇಲೇ ಮನೆಗೆ ಸುದ್ದಿ.

ಏಪ್ರಿಲ್ 24ಕ್ಕೆ, ಅಲ್ಲಿದ್ದ ಭಾರತೀಯರನ್ನು ವಾಪಸ್ ಕರೆತರುವ ಸರ್ಕಾರದ ಆಪರೇಷನ್ ಕಾವೇರಿ ಶುರುವಾಯಿತು. ಅವರು ಬರುವ ದಾರಿ ಗುರುತಿಸಲು ಪೋರ್ಟ್ ಸುಡಾನ್, ಸೌದಿಯ ಜೆಡ್ಡಾ, ಬೆಂಗಳೂರು ಅಂತ ಇನ್ನೂ ಮೂರು ಕಾಲಂ ಎಳೆದೆ. 28ರಂದು ಜೆಡ್ಡಾದಿಂದ 362 ಜನರ ವಿಮಾನ ಇಲ್ಲಿ ಇಳಿಯಿತು. ಒಂದು ಕಾಲಂ ಮಾತ್ರ ನನಗೆ ಹೊಳೆದೇ ಇರಲಿಲ್ಲ: ಯೆಲ್ಲೋ ಫೀವರ್ ಕಾರ್ಡು. ಲಸಿಕೆ ಕಾರ್ಡ್ ಇಲ್ಲದವರನ್ನು ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡುತ್ತಾರೆ. ದಾವಣಗೆರೆಯಿಂದ ರಾತ್ರಿ ಬಸ್ಸಿಗೆ ಬಂದವರು ಮಗನ ಮುಖ ನೋಡದೆ ಕೂರಬೇಕಾಯ್ತು. ಮೊದಲೇ ಕೇಳಿದ್ದರೆ "ನಾಳೆಯೇ ಬರಬೇಡಿ, ಒಂದು ವಾರ ಬಿಟ್ಟು ಬನ್ನಿ" ಅನ್ನಬಹುದಿತ್ತು. ನಾನು ಓಡಿಹೋಗಿ ಲುಂಗಿ, ಚಪ್ಪಲಿ, ಚಾರ್ಜರ್ ತಂದುಕೊಟ್ಟೆ. ಜಾಸ್ತಿ ಕೇಳಿದ್ದು ಚಾರ್ಜರ್‌ನೇ.

ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಈಗ ಬೇರೆ ಲೆಕ್ಕ ಇದೆ. ಟಿಕೆಟ್ಟಿಗೆ, ಸರಕಿಗೆ ಅಂತ ತಂದ ಬಡ್ಡಿ ಸಾಲ. ಎಣ್ಣೆ ಬಾಟಲಿಗಳೆಲ್ಲ ಅಲ್ ಫಶೀರ್‌ನ ರೂಮಿನಲ್ಲೇ ಉಳಿದವು. ಅದೇ ಅಜ್ಜಿ ಪ್ರತಿ ತಿಂಗಳು ಫೋನ್ ಮಾಡಿ, ಬಡ್ಡಿ ಎಷ್ಟಾಯ್ತು ಅಂತ ನನ್ನ ಕೈಲೇ ಲೆಕ್ಕ ಹಾಕಿಸುತ್ತಾರೆ.