ಲೈನಿನ ಹುಡುಗ ಯಾವಾಗ ಆಡುತ್ತಾನೆ? ಚೆಂಡು ಬಿಟ್ಟು ಕಾಲು ನೋಡಿ

ಶನಿವಾರ ಇಲ್ಲಿನ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯ ತಂಡದ ಆಟ ಇದ್ದರೆ ಅಮೆರಿಕದ ಕೊಲಂಬಸ್‌ನ ನಮ್ಮ ಮನೆಯಲ್ಲಿ ಹತ್ತು ಜನ ಕನ್ನಡದವರಾದರೂ ಸೇರುತ್ತಾರೆ. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಢಿಕ್ಕಿ ಹೊಡೆಯುವ ಅಮೆರಿಕದ ಆಟ. ಮಂಡಕ್ಕಿ ಖಾಲಿಯಾಗುವ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅಷ್ಟು ದೊಡ್ಡ ಹುಡುಗನ್ನ ಎರಡು ವರ್ಷದಿಂದ ಬೆಂಚಲ್ಲಿ ಕೂರಿಸಿದ್ದಾರಲ್ಲ, ಕೋಚ್‌ಗೆ ಕಣ್ಣಿಲ್ವಾ?" ಕಣ್ಣಿಲ್ಲದವರು ನಾವು. ಆಟ ಪೂರ್ತಿ ನಮ್ಮ ಕಣ್ಣು ಚೆಂಡಿನ ಹಿಂದೆ ಹೋಗಿರುತ್ತದೆ. ಈ ಹುಡುಗರಲ್ಲಿ ನಡುವಿನವನೊಬ್ಬ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ, ಉಳಿದವರು ಚೆಂಡು ಮುಟ್ಟುವುದೇ ಅಪರೂಪ. ನಾನೂ ಮೊದಲ ನಾಲ್ಕು ವರ್ಷ ಹಾಗೇ ನೋಡಿದವನು. ಆಫೆನ್ಸಿವ್ ಲೈನ್ ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರ ಸಾಲು. ಆ ಲೈನಿನ ಹುಡುಗನೊಬ್ಬ ಬೆಳೆಯುತ್ತಿದ್ದಾನಾ, ಅವನಿಗೆ ಆಡುವ ಅವಕಾಶ ಸಿಗುತ್ತದಾ ಎಂದು ಅಂದಾಜು ಮಾಡುವ ದಾರಿ ಇಲ್ಲಿದೆ.

1. ಐದು ಜಾಗ ಗುರುತಿಸಿ. ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ತುದಿಗೆ ಟ್ಯಾಕಲ್. ಸಾಮಾನ್ಯವಾಗಿ ಇವರ ಅಂಗಿಯ ನಂಬರ್ 50ರಿಂದ 79ರ ಒಳಗೆ ಇರುತ್ತದೆ. ಅಷ್ಟು ಸಾಕು.

2. ವರ್ಷ ಎಣಿಸಿ, ಆದರೆ ಸರಿಯಾಗಿ ಎಣಿಸಿ. ಹೈಸ್ಕೂಲಿನಿಂದ ಬಂದ ಲೈನ್‌ಮನ್ ಮೊದಲ ವರ್ಷ ಕೂತಿದ್ದರೆ ಅದು ಸೋಲಲ್ಲ. ಇದುವರೆಗಿನ ಪದ್ಧತಿ ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡುವುದು. ಕೂತ ವರ್ಷಕ್ಕೆ ರೆಡ್‌ಶರ್ಟ್ ಎನ್ನುತ್ತಾರೆ. 2018ರಿಂದ ನಾಲ್ಕು ಆಟ ಆಡಿದರೂ ರೆಡ್‌ಶರ್ಟ್ ಉಳಿಯುತ್ತದೆ. ಹಾಗಾಗಿ ಹೊಸ ಹುಡುಗ ನವೆಂಬರಿನಲ್ಲಿ ದಿಢೀರನೆ ಎರಡು ಆಟಕ್ಕೆ ಇಳಿದರೆ, ಅವನನ್ನು ಅಳೆದು ನೋಡುತ್ತಿದ್ದಾರೆ ಎಂದು ತಿಳಿಯಿರಿ.

3. ತೂಕಕ್ಕೆ ಮರುಳಾಗಬೇಡಿ. 300 ಪೌಂಡ್, ಅಂದರೆ 136 ಕಿಲೋ, ಇಲ್ಲಿ ಮಾಮೂಲಿ. ಐಯೊವಾ ವಿಶ್ವವಿದ್ಯಾಲಯದ ಟೈಲರ್ ಲಿಂಡರ್‌ಬಾಮ್ ಅಷ್ಟೂ ಇರಲಿಲ್ಲ. ಕಾಲೇಜಿಗೆ ಬಂದಾಗ ಎದುರು ಬದಿಯ ಡಿಫೆನ್ಸ್ ಸಾಲಿನಲ್ಲಿದ್ದ. ಆಮೇಲೆ ಸೆಂಟರ್ ಮಾಡಿದರು. 2021ರಲ್ಲಿ ದೇಶದ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಅವನದಾಯಿತು. ಹೈಸ್ಕೂಲ್ ಹುಡುಗರಿಗೆ ನಕ್ಷತ್ರ ಹಚ್ಚಿ ತಿಂಗಳ ಚಂದಾ ಕೇಳುವ ತಾಣಗಳಿವೆ. ನಾನು ಒಂದು ವರ್ಷ ದುಡ್ಡು ಕೊಟ್ಟೆ. ನೀವು ಕೊಡಬೇಡಿ. ಫೋನಿಗೆ ಬರುವ ಹೈಲೈಟ್ ತುಣುಕುಗಳೂ ಅಷ್ಟೇ. ಲೈನ್‌ಮನ್ ಒಬ್ಬನನ್ನು ಅಂಗಾತ ಕೆಡವಿದ್ದನ್ನು ತೋರಿಸುತ್ತವೆ, ಮುಂದಿನ ಹತ್ತು ಸಲ ಏನಾಯಿತು ಎಂದು ತೋರಿಸುವುದಿಲ್ಲ.

4. ಈಗ ಕಾಲು ನೋಡಿ. ಎಲ್ಲರೂ ಎಡವುವುದು ಇಲ್ಲೇ. ಆಟ ರೆಕಾರ್ಡ್ ಮಾಡಿಕೊಳ್ಳಿ. ಒಬ್ಬನೇ ಒಬ್ಬನನ್ನು ಆರಿಸಿಕೊಂಡು ಪ್ರತಿ ಸ್ನ್ಯಾಪನ್ನೂ (ಸೆಂಟರ್ ಚೆಂಡು ಹಿಂದಕ್ಕೆ ಕೊಟ್ಟಾಗ ಶುರುವಾಗುವ ಒಂದೊಂದು ಸುತ್ತು) ಎರಡು ಸಲ ನೋಡಿ. ಕಣ್ಣು ಚೆಂಡಿನ ಕಡೆ ಓಡುತ್ತಿದ್ದರೆ ನಾನು ಮಾಡಿದ್ದನ್ನೇ ಮಾಡಿ: ಚೆಂಡು ಹೋಗುವ ಕಡೆಯ ಅರ್ಧ ಟಿವಿಗೆ ಹಳೇ ಟವೆಲ್ ಇಳಿಬಿಡಿ. ಮನೆಯವರು ಬೈಯುತ್ತಾರೆ, ಬೈಯಲಿ.

ಮೊದಲು ಪಾಸ್ ಎಸೆಯುವ ಸ್ನ್ಯಾಪ್‌ಗಳನ್ನೇ ನೋಡಿ. ಟ್ಯಾಕಲ್ ಹಿಂದಕ್ಕೆ ಸರಿಯಬೇಕು. ಹೊರಗಿನ ಕಾಲು ಹಿಂದೆ ಹೋಗಬೇಕು, ಒಳಗಿನ ಕಾಲು ಅದನ್ನು ಹಿಂಬಾಲಿಸಬೇಕು. ಆದರೆ ಎರಡು ಪಾದ ಒಂದಕ್ಕೊಂದು ತಾಗಬಾರದು. ಒದ್ದೆ ಬಚ್ಚಲ ನೆಲದ ಮೇಲೆ ಹಿಂದೆ ಹಿಂದೆ ಸರಿಯುತ್ತೇವಲ್ಲ, ಹಾಗೆ. ಪಾದ ತಾಗಿದ ಗಳಿಗೆಯಲ್ಲಿ ಎದುರಿನವನು ತಳ್ಳಿದರೆ 300 ಪೌಂಡ್ ಇದ್ದರೂ ಕುಂಡೆ ಊರುತ್ತಾನೆ. ಮಂಡಿ ಬಗ್ಗಿದೆಯಾ, ಸೊಂಟ ಬಗ್ಗಿದೆಯಾ ಗಮನಿಸಿ. ಸೊಂಟ ಬಗ್ಗಿಸಿ ತಲೆ ಮುಂದೆ ಚಾಚುವವನು ಇನ್ನೂ ತಯಾರಾಗಿಲ್ಲ.

ಆಮೇಲೆ ಕೈ. ಎರಡೂ ಅಂಗೈ ಎದುರಿನವನ ಎದೆಯ ಮೇಲೆ, ಹೆಬ್ಬೆರಳು ಮೇಲ್ಮುಖ. ಕೈ ತಡವಾಗಿ ಬಂದರೆ ಅದು ಭುಜದ ಹೊರಗೆ ಹೋಗಿ ಅಂಗಿ ಹಿಡಿಯುತ್ತದೆ. ರೆಫ್ರಿ ಹಳದಿ ಬಟ್ಟೆ ಎಸೆಯುತ್ತಾನೆ, ಹೋಲ್ಡಿಂಗ್ (ಹಿಡಿದ ತಪ್ಪು), ತಂಡ 10 ಗಜ ಹಿಂದಕ್ಕೆ. ಜನ ಕೈಗೆ ಬೈಯುತ್ತಾರೆ. ತಪ್ಪು ಶುರುವಾಗಿದ್ದು ಕಾಲಿನಲ್ಲಿ, ಜಾಗಕ್ಕೆ ತಲುಪದೆ ಕೈ ಚಾಚಿದ್ದು.

ಇಷ್ಟೂ ಮಾಡುವ ಹುಡುಗರು ಬೆಂಚಿನಲ್ಲೂ ಬೇಕಾದಷ್ಟಿದ್ದಾರೆ. ಬೆಂಚಿನವನನ್ನೂ ಆಡುವವನನ್ನೂ ಬೇರೆ ಮಾಡುವುದು ಸ್ಟಂಟ್. ಎದುರಿನ ಇಬ್ಬರು ಬೇಕೆಂದೇ ದಾರಿ ಅದಲುಬದಲು ಮಾಡುತ್ತಾರೆ. ಒಬ್ಬ ಅಡ್ಡ ನುಗ್ಗುತ್ತಾನೆ, ಇನ್ನೊಬ್ಬ ಅವನ ಬೆನ್ನ ಹಿಂದಿನಿಂದ ಸುತ್ತಿ ಬರುತ್ತಾನೆ. ಆಗ ಗಾರ್ಡ್ ತನ್ನವನನ್ನು ಪಕ್ಕದ ಟ್ಯಾಕಲ್‌ಗೆ ಒಪ್ಪಿಸಿ, ಸುತ್ತಿ ಬರುವವನಿಗೆ ಕಾಯಬೇಕು. ಎಳೆಯ ಹುಡುಗ ಕಾಯುವುದಿಲ್ಲ. ಮೊದಲನೆಯವನ ಹಿಂದೆಯೇ ಓಡುತ್ತಾನೆ. ಕಬಡ್ಡಿಯಲ್ಲಿ ಚೈನ್ ಹಿಡಿದ ಇಬ್ಬರಲ್ಲಿ ಒಬ್ಬ ಮುಂಚೆಯೇ ಹಾರಿದರೆ ಆಗುತ್ತದಲ್ಲ, ಅದೇ ಗತಿ. ನಡುವೆ ಬಾಗಿಲು ತೆರೆದ ಹಾಗಾಗಿ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬೀಳುತ್ತಾನೆ. ನೀವು ನೋಡಬೇಕಾದ್ದು ಹೆಲ್ಮೆಟ್. ತನ್ನವನನ್ನು ದಾಟಿಸಿದ ಕೂಡಲೇ ಅದು ತಿರುಗಿ ಹೊಸಬನನ್ನು ಹುಡುಕಿದರೆ ಹುಡುಗನಿಗೆ ಆಟ ಅರ್ಥವಾಗುತ್ತಿದೆ. ಸೆಪ್ಟೆಂಬರಿನಲ್ಲಿ ತಿರುಗದ ಹೆಲ್ಮೆಟ್ ನವೆಂಬರಿನಲ್ಲಿ ತಿರುಗಿದರೆ ಅದೇ ಬೆಳವಣಿಗೆ. ಇದಕ್ಕೆ ಯಾವ ಅಂಕಿಅಂಶವೂ ಸ್ಕೋರ್ ಪಟ್ಟಿಯಲ್ಲಿ ಬರುವುದಿಲ್ಲ.

ಸ್ಟೇಡಿಯಂಗೆ ಹೋಗುವುದಾದರೆ ನಡು ಗೆರೆಯ ಸೀಟಿಗೆ ದುಡ್ಡು ಸುರಿಯಬೇಡಿ. ಗೋಲ್ ಕಂಬದ ಹಿಂದೆ, ಮೇಲಿನ ಸಾಲು ತಗೊಳ್ಳಿ. ಐದೂ ಜನರ ನಡುವಿನ ಸಂದು ಅಲ್ಲಿಂದ ಕಾಣುತ್ತದೆ. ಬೈನಾಕ್ಯುಲರ್ 8 ಪಟ್ಟಿನದು ಸಾಕು. ನಾನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಪ್ಲಾಸ್ಟಿಕ್ಕಿನದು ಎರಡನೇ ಕ್ವಾರ್ಟರಿಗೇ ತಲೆನೋವು ತಂದಿತು.

5. ಸರದಿಯಲ್ಲಿ ನಿಮ್ಮ ಹುಡುಗನಿಗಿಂತ ಮುಂದೆ ಯಾರಿದ್ದಾರೆ ನೋಡಿ. ಡಿಫೆನ್ಸ್ ಸಾಲಿನವರನ್ನು ಆಗಾಗ ಬದಲಿಸುತ್ತಾರೆ. ಈ ಐವರನ್ನು ಹಾಗೆ ಬದಲಿಸುವುದಿಲ್ಲ. ಯಾರಿಗೂ ಪೆಟ್ಟಾಗದಿದ್ದರೆ ಆರನೆಯವನಿಗೆ ಕೆಲಸ ಕಡಿಮೆ. ಅದಕ್ಕೇ ಎರಡು ಜಾಗ ಗೊತ್ತಿರುವವನಿಗೆ ಬೆಲೆ ಜಾಸ್ತಿ.

2024ರ ಓಹಾಯೊ ಸ್ಟೇಟ್ ಲೈನನ್ನೇ ತಗೊಳ್ಳಿ. ಅಕ್ಟೋಬರಿನಲ್ಲಿ ಆರೆಗಾನ್ ವಿರುದ್ಧ ಎಡ ಟ್ಯಾಕಲ್ ಜಾಶ್ ಸಿಮನ್ಸ್ ಮಂಡಿಗೆ ಪೆಟ್ಟಾಯಿತು. ಅವನ ಜಾಗಕ್ಕೆ ಬಂದವನಿಗೂ ನೆಬ್ರಾಸ್ಕ ಆಟದಲ್ಲಿ ಪೆಟ್ಟು. ಪೆನ್ ಸ್ಟೇಟ್ ಆಟಕ್ಕೆ ಗಾರ್ಡ್ ಡಾನವನ್ ಜಾಕ್ಸನ್‌ನನ್ನು ಟ್ಯಾಕಲ್‌ಗೆ ಸರಿಸಿದರು. ಅವನ ಗಾರ್ಡ್ ಜಾಗಕ್ಕೆ ಬಂದದ್ದು ಕಾರ್ಸನ್ ಹಿನ್ಸ್‌ಮನ್. 2023ರಲ್ಲಿ ಅವನು ಸೆಂಟರ್ ಆಡಿದ್ದ, ಆಮೇಲೆ ಆ ಜಾಗ ಅಲಬಾಮಾದಿಂದ ಬಂದ ಸೆತ್ ಮೆಕ್‌ಲಾಫ್ಲಿನ್ ಪಾಲಾಗಿತ್ತು. ನವೆಂಬರಿನಲ್ಲಿ ಅಭ್ಯಾಸದ ವೇಳೆ ಮೆಕ್‌ಲಾಫ್ಲಿನ್‌ಗೂ ಪೆಟ್ಟಾಯಿತು. ಹಿನ್ಸ್‌ಮನ್ ಮತ್ತೆ ಸೆಂಟರ್! ಜನವರಿಯಲ್ಲಿ ಇದೇ ತೇಪೆ ಹಾಕಿದ ಲೈನ್ ನಾಟ್ರ್ ಡೇಮ್ ವಿರುದ್ಧ 34-23ರಿಂದ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಆಗಸ್ಟಿನಲ್ಲಿ ಆಡುವವರ ಪಟ್ಟಿ ನೋಡಿ ಹಿನ್ಸ್‌ಮನ್ ಕಥೆ ಮುಗಿಯಿತು ಎಂದು ನಮ್ಮ ಮನೆಯ ಹಾಲ್‌ನಲ್ಲಿ ಘೋಷಿಸಿದವನು ನಾನೇ.

6. ಟ್ರಾನ್ಸ್‌ಫರ್ ಪೋರ್ಟಲ್ ಮೇಲೆ, ಅಂದರೆ ಕಾಲೇಜು ಬದಲಿಸಲು ಆಟಗಾರರು ಹೆಸರು ಕೊಡುವ ಪಟ್ಟಿಯ ಮೇಲೆ, ಕಣ್ಣಿಡಿ. ಬೇರೆ ಕಾಲೇಜಿನಿಂದ ಅದೇ ಜಾಗಕ್ಕೆ ನಾಲ್ಕನೇ ವರ್ಷದವನನ್ನು ತಂದರೆ ನಿಮ್ಮ ಹುಡುಗ ಇನ್ನೊಂದು ವರ್ಷ ಕಾಯಬೇಕು, ಇಲ್ಲ ಅವನೂ ಹೊರಡುತ್ತಾನೆ.

7. ಕೊನೇ ಕ್ವಾರ್ಟರ್ ಬಿಟ್ಟು ಏಳಬೇಡಿ. ತಂಡ 30 ಅಂಕ ಮುಂದಿದ್ದಾಗ ನಮ್ಮ ಮನೆಯವರೆಲ್ಲ ಚಪ್ಪಲಿ ಹುಡುಕುತ್ತಿರುತ್ತಾರೆ. ನಾನು ಆಗಲೇ ಟವೆಲ್ ತೆಗೆದು ಹತ್ತಿರ ಕೂರುವುದು. ಐವರೂ ಒಟ್ಟಿಗೆ ಬದಲಾದರೆ ಅದು ಬರೀ ವ್ಯಾಯಾಮ. ನಾಲ್ವರು ಹಳಬರು ಉಳಿದು, ಅವರ ನಡುವೆ ನಿಮ್ಮ ಹುಡುಗ ಒಬ್ಬನೇ ಇಳಿದರೆ, ಮುಂದಿನ ಶನಿವಾರ ಮಂಡಕ್ಕಿ ಮೊದಲೇ ಮುಗಿಸಿ ಕೂರಿ.