ಹಿರಿಯರಿಗೆ ನೆರವು: ಎಷ್ಟು, ಯಾವ ಗಂಟೆಗೆ

ಹೊಸಬರು ನಮ್ಮ ಹಿರಿಯರ ವಸತಿಗೆ ಬಂದಾಗ "ಏನೇನು ಸಹಾಯ ಬೇಕು?" ಎಂದು ಕೇಳಿದರೆ ಹಿರಿಯರು "ಏನೂ ಬೇಡ" ಅನ್ನುತ್ತಾರೆ, ಮಕ್ಕಳು "ಎಲ್ಲದಕ್ಕೂ ಜನ ಬೇಕು" ಅನ್ನುತ್ತಾರೆ. ನಾನು ಎರಡನ್ನೂ ಬರೆದುಕೊಳ್ಳುತ್ತೇನೆ, ಆದರೆ ನೆರವಿನ ಪಟ್ಟಿ ಮಾಡುವುದು ಮೂರು ದಿನ ಕಣ್ಣಾರೆ ನೋಡಿದ ಮೇಲೆ. ನೋಡುವುದಕ್ಕೆ ಆಧಾರ 1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಕೊಟ್ಟ ಆರು ಕೆಲಸಗಳು: ಸ್ನಾನ, ಬಟ್ಟೆ ತೊಡುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ.

ಆ ಪಟ್ಟಿ ಪ್ರತಿ ಕೆಲಸಕ್ಕೂ 'ಮಾಡಬಲ್ಲರು' ಅಥವಾ 'ಆಗದು' ಎಂದಷ್ಟೇ ಹೇಳುತ್ತದೆ. ದಿನದ ಆರೈಕೆಗೆ ಅದು ಸಾಲದು. ಹಾಗಾಗಿ ಒಂದೊಂದು ಕೆಲಸವನ್ನೂ ಬಿಡಿಸಿಕೊಳ್ಳುತ್ತೇನೆ. ಸ್ನಾನವೆಂದರೆ ಬಟ್ಟೆ ಕಳಚುವುದು, ಸ್ಟೂಲಿನ ಮೇಲೆ ಕೂರುವುದು, ಎದೆ ಮತ್ತು ತೋಳು, ಬೆನ್ನು, ಪಾದ, ಒರೆಸಿಕೊಳ್ಳುವುದು, ಮತ್ತೆ ಎದ್ದು ನಿಲ್ಲುವುದು. ಪ್ರತಿಯೊಂದರ ಮುಂದೆ ನಾಲ್ಕರಲ್ಲಿ ಒಂದು ಪದ: ತಾವೇ, ಮಾತು, ಕೈ, ನಾವೇ. 'ಮಾತು' ಎಂದರೆ ಪಕ್ಕದಲ್ಲಿ ನಿಂತು ಮುಂದಿನ ಹೆಜ್ಜೆ ನೆನಪಿಸಿದರೆ ಸಾಕು. 'ಕೈ' ಎಂದರೆ ಅವರು ಮಾಡುವಾಗ ನಾವು ಕೈ ಕೊಡುವುದು, 'ನಾವೇ' ಎಂದರೆ ಪೂರ್ತಿ ಆರೈಕೆದಾರರೇ ಮಾಡುವುದು. ಹೀಗೆ ಬಿಡಿಸಿದರೆ 'ಸ್ನಾನ ಆಗದು' ಎಂದಿದ್ದ ಎಷ್ಟೋ ಜನರಿಗೆ ಬೇಕಿರುವುದು ಬೆನ್ನಿಗೆ ಮತ್ತು ಪಾದಕ್ಕೆ ಮಾತ್ರ ಎಂದು ತಿಳಿಯುತ್ತದೆ.

ಈ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇಲ್ಲೇ. ಆರೈಕೆದಾರರು ಪೂರ್ತಿ ಮಾಡಿಬಿಟ್ಟರೆ ಹತ್ತು ನಿಮಿಷ, ಹಿರಿಯರೇ ಮಾಡಿದರೆ ಇಪ್ಪತ್ತೈದು. ಅವಸರದಲ್ಲಿ ಹತ್ತೇ ಗೆಲ್ಲುತ್ತದೆ. ಕೆಲವು ವಾರ ಹೀಗೆ ನಡೆದರೆ ಭುಜದ ಮೇಲಕ್ಕೆ ಏಳುತ್ತಿದ್ದ ತೋಳು ಏಳುವುದಿಲ್ಲ, ಗುಂಡಿ ಹಾಕುತ್ತಿದ್ದ ಬೆರಳು ಹಾಕುವುದಿಲ್ಲ. ಆಗ ನಿಜವಾಗಿಯೂ 'ನಾವೇ' ಬೇಕಾಗುತ್ತದೆ. ಅವರ ಕೈಯಲ್ಲಿದ್ದ ಶಕ್ತಿಯನ್ನು ನಾವೇ ಕಿತ್ತುಕೊಂಡಂತೆ.

ಇದನ್ನು ತಡೆಯಲು ಬುದ್ಧಿಮಾತು ಸಾಲದು, ಸಮಯ ಕೊಡಬೇಕು. ಪಾಳಿಯನ್ನು ದಿನಕ್ಕೆ ಎಷ್ಟು ಜನ ಎಂದು ಹಂಚದೆ ಗಂಟೆಗೆ ಎಷ್ಟು ನಿಮಿಷದ ಕೆಲಸ ಎಂದು ಲೆಕ್ಕ ಹಾಕುತ್ತೇನೆ. ಇಪ್ಪತ್ತು ಜನರಲ್ಲಿ ಎಂಟು ಮಂದಿಗೆ ಬೆಳಿಗ್ಗೆ ತಲಾ 25 ನಿಮಿಷದ ನೆರವು ಬೇಕೆಂದುಕೊಳ್ಳಿ. ಒಟ್ಟು 200 ನಿಮಿಷ. 6.30ರಿಂದ 8.30ರವರೆಗೆ ಇಬ್ಬರಿದ್ದರೆ ಸಿಗುವುದು 240. ಕಾಗದದ ಮೇಲೆ ಸಾಕು, ಆದರೆ ಉಳಿದ 40 ನಿಮಿಷದಲ್ಲಿ ಇಪ್ಪತ್ತೂ ಜನರ ಮಾತ್ರೆ, ಕರೆಗಂಟೆ, ಒದ್ದೆ ಹಾಸಿಗೆ ಎಲ್ಲ ಆಗಬೇಕು. ಆಗುವುದಿಲ್ಲ. ಇಲ್ಲಿ ಬೇಕಿರುವುದು ಎಂಟು ಗಂಟೆಗಳ ಪೂರ್ತಿ ಪಾಳಿಗೆ ಇನ್ನೊಬ್ಬರಲ್ಲ, ಆ ಎರಡು ಗಂಟೆಗೆ ಬರುವ ಮೂರನೆಯವರು. ಮಲಗುವ ಹೊತ್ತಿಗೂ ಇದೇ ಲೆಕ್ಕ.

ಮಾತ್ರೆಯ ಹೊತ್ತು ಈ ಲೆಕ್ಕವನ್ನು ಬುಡಮೇಲು ಮಾಡಬಲ್ಲದು. ಪಾರ್ಕಿನ್ಸನ್ಸ್ ಕಾಯಿಲೆ ಇರುವವರಿಗೆ ಅದರ ಮಾತ್ರೆ ಲೆವೊಡೋಪಾ ತಡವಾದರೆ ಮೈ ಬಿಗಿಯುತ್ತದೆ, ಒಬ್ಬರು ಎಬ್ಬಿಸುತ್ತಿದ್ದವರನ್ನು ಇಬ್ಬರು ಎಬ್ಬಿಸಬೇಕಾಗುತ್ತದೆ. ಅಂಥವರಿಗೆ ಮೊದಲು ಮಾತ್ರೆ, ಅದು ಹಿಡಿದ ಮೇಲೆ ಸ್ನಾನ. ಎಲ್ಲರ ಮಾತ್ರೆಯನ್ನೂ ಲೋಟಗಳಲ್ಲಿ ಮೊದಲೇ ತೆಗೆದಿಡುವ ಅಭ್ಯಾಸವನ್ನು ಬಿಡಿಸಿ, ಅದಲುಬದಲಾಗುವುದು ಅಲ್ಲಿಯೇ. ನುಂಗಿದ್ದನ್ನು ನೋಡಿದ ಮೇಲೆ ಸಹಿ, ಬೇಡವೆಂದರೆ ಬೇಡವೆಂದಿದ್ದೂ ದಾಖಲೆಗೆ. ನುಂಗಲು ಕಷ್ಟವೆಂದು ಮಾತ್ರೆ ಪುಡಿ ಮಾಡುವ ಮುನ್ನ ಔಷಧ ತಜ್ಞರನ್ನು ಕೇಳಲೇಬೇಕು: ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಿದರೆ ದಿನದ ಔಷಧವೆಲ್ಲ ಒಮ್ಮೆಗೇ ಮೈ ಸೇರುತ್ತದೆ.

ಸ್ನಾನದ ಕೋಣೆಗೆ ಖರ್ಚು ಮಾಡಲು ಹಿಂಜರಿಯಬಾರದು. ಹಿಡಿಕಂಬಿ ನೆಲದಿಂದ 840ರಿಂದ 915 ಮಿಲಿಮೀಟರ್ ಎತ್ತರದಲ್ಲಿ, ದಪ್ಪ 32ರಿಂದ 38, ಗೋಡೆಗೂ ಕಂಬಿಗೂ ನಡುವೆ 38 ಮಿಲಿಮೀಟರ್. ಅಂತರ ಹೆಚ್ಚಾದರೆ ಜಾರಿದಾಗ ಮುಂಗೈ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಸುಮಾರು 113 ಕಿಲೋ ಭಾರ ತಡೆಯುವಂತೆ ಗಟ್ಟಿ ಗೋಡೆಗೇ ಬೋಲ್ಟ್ ಹೋಗಬೇಕು. ಗಾಳಿ ಹೀರಿ ಟೈಲ್ಸ್‌ಗೆ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಕಂಬಿಯನ್ನು ನಾನು ಒಪ್ಪುವುದಿಲ್ಲ. ಟವೆಲ್ ಕಂಬಿಯನ್ನು ಕಮೋಡಿನ ಪಕ್ಕದಿಂದ ತೆಗೆಸಿ, ಬೀಳುವಾಗ ಕೈ ಹೋಗುವುದು ಅದಕ್ಕೇ. ಕಮೋಡಿನ ಎತ್ತರ 430ರಿಂದ 485 ಮಿಲಿಮೀಟರ್ ಎಂದು ಮಾನದಂಡವಿದ್ದರೂ ಅವರನ್ನೇ ಕೂರಿಸಿ ನೋಡಿ: ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿ ಸೊಂಟಕ್ಕಿಂತ ತುಸು ಕೆಳಗಿರಬೇಕು. ಬಾಗಿಲು ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆಯುವ ಬಾಗಿಲ ಹಿಂದೆ ಬಿದ್ದವರನ್ನು ತಲುಪಲು ಆಗುವುದಿಲ್ಲ. ಚಿಲಕ ಹೊರಗಿನಿಂದಲೂ ಬಿಡಿಸುವಂತಿರಲಿ.

ನೀರಿನ ವಿಷಯದಲ್ಲಿ ಎರಡು ಅಪಾಯ ಒಂದಕ್ಕೊಂದು ವಿರುದ್ಧ. ಟ್ಯಾಂಕಿನಲ್ಲಿ ಬೆಚ್ಚಗಿನ ನೀರು ನಿಂತರೆ ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದನ್ನು ತಡೆಯಲು 60 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ 60 ಡಿಗ್ರಿ ನೀರು ವಯಸ್ಸಾದ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಆದ್ದರಿಂದ ಟ್ಯಾಂಕು ಬಿಸಿಯಾಗಿಯೇ ಇರಲಿ, ನಲ್ಲಿಗೆ ಮುಂಚೆ ತಣ್ಣೀರು ಬೆರೆಸಿ ಬಿಸಿ ತಗ್ಗಿಸುವ ಮಿಶ್ರಣ ಕವಾಟ ಹಾಕಿ. ಮೈಮೇಲೆ ಸುರಿಯುವ ನೀರು 38ರಿಂದ 40 ಇದ್ದರೆ ಸಾಕು, ಅದೂ ಥರ್ಮಾಮೀಟರಿನಲ್ಲಿ ನೋಡಿದ್ದು.

ರಾತ್ರಿ ಬೀಳುವವರು ಬಹಳಷ್ಟು ಸಲ ಶೌಚಾಲಯಕ್ಕೆ ಹೊರಟವರೇ. ಎದ್ದಾಗ ಬಿಪಿ ಇಳಿಯುತ್ತದೆಯೇ ಎಂದು ತಿಳಿಯಲು ಬಂದ ವಾರದಲ್ಲೇ ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಿ, ಅಲ್ಲಿಯವರೆಗೆ ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕುಳಿತು, ಪಾದ ಆಡಿಸಿ, ಆಮೇಲೆ ಏಳುವುದು. ನಡಿಗೆಗೆ ಸುಲಭದ ಪರೀಕ್ಷೆ: ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಬೀಳುವ ಸಂಭವ ಇದೆಯೆಂದು ಎಚ್ಚರ ವಹಿಸಿ. ಹಾಸಿಗೆಯಿಂದ ಕಮೋಡಿನವರೆಗೆ ನೆಲಮಟ್ಟದಲ್ಲಿ ಮಂದ ಹಳದಿ ದೀಪ ತಾನಾಗಿ ಹೊತ್ತಲಿ. ಕಪ್ಪು ಕಾಲೊರಸು ಬೇಡ, ಮರೆವಿನ ಕಾಯಿಲೆ ಇರುವವರಿಗೆ ಅದು ಗುಂಡಿಯಂತೆ ಕಂಡು ದಾಟಲು ಹೋಗಿ ಬೀಳುತ್ತಾರೆ. ಇನ್ನು ಕರೆಗಂಟೆಯ ಹಗ್ಗ. ನೆಲಕ್ಕೆ ಬಿದ್ದವರ ಕೈಗೆ ಸಿಗಲೆಂದೇ ಅದು ಅಷ್ಟು ಉದ್ದ. ಒರೆಸುವಾಗ ಅಡ್ಡವೆಂದು ಸುತ್ತಿ ಮೇಲೆ ಕಟ್ಟಿಬಿಡುತ್ತಾರೆ, ಬಿಚ್ಚಲು ಮರೆಯುತ್ತಾರೆ. ಪ್ರತಿ ಪಾಳಿಯ ಮೊದಲ ಸುತ್ತಿನಲ್ಲಿ ಹಗ್ಗವನ್ನು ನೋಡಲೇಬೇಕು.

ಏಳಿಸುವಾಗ ತೋಳು ಹಿಡಿದು ಎಳೆಯಬಾರದು, ಭುಜದ ಕೀಲು ತಪ್ಪುತ್ತದೆ. ಕುರ್ಚಿಯ ತುದಿಗೆ ಜರುಗಿಸಿ, ಪಾದ ಹಿಂದಕ್ಕೆ, ಮೂಗು ಮಂಡಿಯ ಮುಂದಕ್ಕೆ ಬರುವಷ್ಟು ಬಾಗಿಸಿ, ಏಳಿಸಲೆಂದೇ ಅವರ ಸೊಂಟಕ್ಕೆ ಕಟ್ಟಿದ ಬೆಲ್ಟ್ ಹಿಡಿಯುವುದು. ಅರ್ಧ ಜನ ಇಷ್ಟರಲ್ಲಿ ತಾವೇ ಏಳುತ್ತಾರೆ.

ನೆರವಿನ ಪಟ್ಟಿಯನ್ನು ತಿಂಗಳಿಗೊಮ್ಮೆ ಮತ್ತೆ ನೋಡುತ್ತೇನೆ. ಬಿದ್ದಾಗ, ಆಸ್ಪತ್ರೆಯಿಂದ ಮರಳಿದಾಗ, ಹೊಸ ಮಾತ್ರೆ ಶುರುವಾದಾಗ ತಿಂಗಳಿಗೆ ಕಾಯುವುದಿಲ್ಲ. ಒಂದೆರಡು ದಿನದಲ್ಲಿ ಏಕಾಏಕಿ ಗೊಂದಲ, ಮಂಪರು ಶುರುವಾದರೆ "ವಯಸ್ಸಾಯಿತಲ್ಲ" ಎಂದು ಬಿಡಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾಗಿರುವುದು, ಹೊಸ ಔಷಧ, ಇವುಗಳಲ್ಲಿ ಒಂದಿರಬಹುದು. ಅಂದೇ ವೈದ್ಯರಿಗೆ ಹೇಳಿ.

ಚೇತರಿಕೆಯೂ ಪಟ್ಟಿಗೆ ಬರಬೇಕು, ಅದನ್ನು ಬರೆಯುವವರು ಕಡಿಮೆ. ಬೆಳಿಗ್ಗೆ ಒಬ್ಬ ಹಿರಿಯರು 'ನಾವೇ' ಇದ್ದದ್ದನ್ನು 'ಮಾತು' ಆಗಿಸಿದ್ದರೆ ಆಗಲೇ ತಿದ್ದಿ, ಪಾಳಿ ಬದಲಾಗುವಾಗ ಬಾಯಲ್ಲೂ ಹೇಳಿ. ಇಲ್ಲದಿದ್ದರೆ ಸಂಜೆಯವರು ಹಳೆಯ ಪಟ್ಟಿ ನೋಡಿ, ಅವರು ತಾವೇ ಹಾಕಿಕೊಳ್ಳುತ್ತಿದ್ದ ಗುಂಡಿಗಳನ್ನು ಮತ್ತೆ ಹಾಕಿಬಿಡುತ್ತಾರೆ.