ದ್ರಾಕ್ಷಿ ಜ್ಯೂಸ್‌ಗೆ ಮಿಕ್ಸಿ ಬೇಡ

ಬೀಜದ ಕಪ್ಪು ದ್ರಾಕ್ಷಿಯನ್ನು ಮಿಕ್ಸಿಯಲ್ಲಿ ತಿರುಗಿಸಿ, ಕುಡಿದು, ‘ಅಯ್ಯೋ ಒಗರು’ ಅಂತ ಮುಖ ಕಿವುಚುವವರೇ ಜಾಸ್ತಿ. ಬೀಜ ಒಡೆದರೆ ಒಗರಾಗದೆ ಇನ್ನೇನಾಗುತ್ತದೆ?

ಒಂದು ಕಿಲೋ ಬೆಂಗಳೂರು ಬ್ಲೂ ತಳಿಯ ದ್ರಾಕ್ಷಿ ತನ್ನಿ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯದ್ದು. ಬೀಜವಿಲ್ಲದ ಹಸಿರು ದ್ರಾಕ್ಷಿ ತಿನ್ನಲು ಸರಿ, ಇದಕ್ಕೆ ಬೇಡವೇ ಬೇಡ. ಬ್ಲೂ ದ್ರಾಕ್ಷಿಯ ಘಮ ಬಂದಿರುವುದು ಉತ್ತರ ಅಮೆರಿಕದ ಪೂರ್ವ ಭಾಗದ ಕಾಡುಬಳ್ಳಿಯಿಂದ. ಹೆಸರು ವೈಟಿಸ್ ಲಬ್ರುಸ್ಕ. ಅಲ್ಲಿನ ಪ್ರಸಿದ್ಧ ಕಾಂಕರ್ಡ್ ತಳಿಯೂ ಇದೇ ವಂಶದ್ದು. ಒಂದು ಹಣ್ಣು ಒತ್ತಿ ನೋಡಿ. ತಿರುಳು ಗೋಲಿಯ ಹಾಗೆ ಪುಳಕ್ಕನೆ ಹೊರಗೆ ಜಾರಿ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಬಣ್ಣವೆಲ್ಲ ಆ ಸಿಪ್ಪೆಯಲ್ಲಿ.

ತೊಳೆದು, ಹಸಿರು ತೊಟ್ಟು ಒಂದೂ ಬಿಡದೆ ಕೀಳಿ.

ಈಗ ನಿಜವಾದ ಕೆಲಸ. ಸ್ಟೀಲ್ ಪಾತ್ರೆಗೆ ಹಣ್ಣು, ಅರ್ಧ ಲೋಟ ನೀರು ಹಾಕಿ. ಅಲ್ಯೂಮಿನಿಯಂ ಬೇಡ, ಹುಳಿ ತಾಗಿದರೆ ಕೆಡುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತಾ ಮರದ ಸೌಟಿನಿಂದ ಮೆಲ್ಲಗೆ ಅದುಮಿ. ಮೊದಲು ರಸ ತಿಳಿಗುಲಾಬಿ ಇರುತ್ತದೆ. ‘ಬಣ್ಣವೇ ಬರಲಿಲ್ಲ’ ಅಂತ ಉರಿ ಜೋರು ಮಾಡಬೇಡಿ. ಹಬೆ ಏಳಬೇಕು, ಕೊತಕೊತ ಕುದಿಯಬಾರದು. ಕುದಿಸಿದರೆ ಘಮ ಹಾರಿಹೋಗಿ ಜಾಮ್ ವಾಸನೆ ಬರುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಸಿಪ್ಪೆ ಮಂಕಾಗಿ, ರಸ ಗಾಢ ನೇರಳೆಯಾಗುತ್ತದೆ. ಆಗ ಇಳಿಸಿ.

ತೆಳು ಪಂಚೆ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ. ಹಿಂಡಬೇಡಿ, ಹಿಂಡಿದರೆ ರಸ ಕದಡುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ತಳದಲ್ಲಿ ಮರಳಿನಂಥ ಹರಳು ಕೂರುತ್ತದೆ. ಕಲಬೆರಕೆ ಅಂತ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ಅದು ದ್ರಾಕ್ಷಿಯದ್ದೇ ಟಾರ್ಟರಿಕ್ ಆಮ್ಲದ ಲವಣ. ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ.

ಸಕ್ಕರೆ ನಿಮ್ಮಿಷ್ಟ. ನನ್ನ ಮಾತು ಕೇಳಿದರೆ ಎರಡು ಚಮಚ ಸಾಕು. ಎಸೆನ್ಸ್ ಸುತರಾಂ ಬೇಡ: ಅದರಲ್ಲಿರುವ ಘಮದ ವಸ್ತು, ಮೀಥೈಲ್ ಆಂಥ್ರಾನಿಲೇಟ್, ಈ ಹಣ್ಣಿನಲ್ಲೇ ಇದೆ. ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು?

ಇಡುವುದಾದರೆ ಮತ್ತೆ ಹಬೆಯಾಡುವಷ್ಟು ಬಿಸಿ ಮಾಡಿ, ಬಿಸಿನೀರಲ್ಲಿ ತೊಳೆದ ಬೆಚ್ಚನೆಯ ಗಾಜಿನ ಬಾಟಲಿಗೆ ತುಂಬಿ. ತಣ್ಣಗಿನ ಬಾಟಲಿಗೆ ಸುರಿದರೆ ಟಪ್ ಅಂತ ಸೀಳುತ್ತದೆ. ರಸ ಹುಳಿಯದಂತೆ ಬಿಸಿ ಮಾಡುವ ಈ ಉಪಾಯವನ್ನು 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯ ದಂತವೈದ್ಯ ಥಾಮಸ್ ವೆಲ್ಚ್ ಕಾಂಕರ್ಡ್ ರಸಕ್ಕೆ ಬಳಸಿದ್ದ. ಚರ್ಚಿಗೆ ಅಮಲಿಲ್ಲದ ವೈನ್ ಬೇಕಿತ್ತು.

ಫ್ರಿಜ್‌ನಲ್ಲಿ ಐದಾರು ದಿನಕ್ಕೆ ಮುಗಿಸಿಬಿಡಿ. ಮುಚ್ಚಳ ತೆಗೆದಾಗ ಟುಸ್ ಅಂದರೆ ರುಚಿ ನೋಡಲು ಹೋಗದೆ ಸಿಂಕಿಗೆ ಚೆಲ್ಲಿ.